ಬಯಕೆಯೆಂಬ ಮಾತು: ದೋಹದದಿಂದ ಆಸ್ಪತ್ರೆಯ ಹಾಸಿಗೆಯವರೆಗೆ

ಧಾರವಾಡ ಸೀಮೆಯಲ್ಲಿ ‘ಬಯಕಿ’ ಎಂಬ ಮಾತಿಗೆ ಮೊದಲ ಹಕ್ಕುದಾರಳು ಬಸುರಿ. ಮೂರನೆಯ ತಿಂಗಳು ಮುಟ್ಟುತ್ತಿದ್ದಂತೆ ಓಣಿಯ ಹಿರಿಯ ಹೆಂಗಸರು ಕಟ್ಟೆಯ ಮೇಲೆ ಕೂಡಿಸಿಕೊಂಡು ‘ಏನ್ ತಿನಬೇಕ ಅನಸ್ತದ, ಹೇಳವಾ’ ಎಂದು ಕೇಳುತ್ತಾರೆ. ಹುಳಿಮಾವಿನ ಹೋಳಾಗಲಿ, ತವರಿನ ಬಾವಿಯ ನೀರಾಗಲಿ, ಕೇಳಿದ್ದನ್ನು ಕಂಡು ನಗುವ ಹಾಗಿಲ್ಲ. ‘ಅದ್ಯಾಕ ಬೇಕು’ ಎಂದು ವಿಚಾರಿಸುವ ಹಾಗೂ ಇಲ್ಲ. ತಂದುಕೊಡಬೇಕು, ಅಷ್ಟೇ. ನೆರೆಯ ಮರಾಠಿ ಮನೆಗಳಲ್ಲಿ ಇದಕ್ಕೆ ‘ಡೋಹಾಳೆ’ ಎಂದು ಹೆಸರು. ಅದು ಸಂಸ್ಕೃತದ ದೋಹದ, ಪ್ರಾಕೃತದ ದೋಹಲ ಎಂಬ ರೂಪಗಳ ಮೊಮ್ಮಗಳು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ನಾಲ್ಕನೆಯ ತಿಂಗಳಲ್ಲಿ ಗರ್ಭಕ್ಕೆ ಹೃದಯ ಮೂಡುವುದೆಂದೂ, ಆದಕಾರಣ ಬಸುರಿಯು ಎರಡು ಹೃದಯದವಳೆಂದೂ, ಅವಳ ಇಚ್ಛೆಯನ್ನು ತಡೆದರೆ ಒಳಗಿನ ಜೀವಕ್ಕೆ ಊನವೆಂದೂ ಹೇಳುತ್ತದೆ. ಶಬ್ದದ ನಿಷ್ಪತ್ತಿಯ ವಿಷಯದಲ್ಲಿ ವಿದ್ವಾಂಸರು ವಾದಿಸಿಕೊಳ್ಳಲಿ. ಅನುಭವದ ಮಟ್ಟಿಗೆ ಆ ವಿವರಣೆ ಸರಿಯಾಗಿಯೇ ಇದೆ. ಇನ್ನೂ ಮಾತು ಬಾರದ ಒಂದು ಜೀವದ ಪರವಾಗಿ ಇನ್ನೊಂದು ಜೀವ ಕೇಳುತ್ತದೆ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ಇಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ಈ ಮಾತು ಬೇರೊಂದು ನೆಲೆಯಲ್ಲಿ ಎದುರಾಗುತ್ತದೆ. ವಿದ್ಯಾನಗರದಲ್ಲಿ ಕಿಮ್ಸ್, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಧಾರವಾಡದ ಅಂಚಿಗೆ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡಗಳಿಂದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬಂದವರು ಈ ಸಾಲಿನಲ್ಲಿಯೇ ಎಲ್ಲೋ ಒಂದೆಡೆ ಇಳಿಯುತ್ತಾರೆ. ರಕ್ತದ ಕ್ಯಾನ್ಸರ್, ಹೃದಯದ ರಂಧ್ರ, ಮೂತ್ರಪಿಂಡದ ಬೇನೆ, ತಿಂಗಳು ತಿಂಗಳಿಗೂ ರಕ್ತ ಏರಿಸಬೇಕಾದ ತಲಸ್ಸೇಮಿಯಾ. ಹಾಸಿಗೆಯ ಪಕ್ಕದಲ್ಲಿ ಕುಳಿತ ತಾಯಿಯೂ ಕೇಳುವುದು ಕಟ್ಟೆಯ ಮೇಲಿನ ಹೆಂಗಸರು ಕೇಳಿದ ಪ್ರಶ್ನೆಯನ್ನೇ: ‘ಏನ್ ಬೇಕೋ ನನ ಕಂದಾ?’ ಆದರೆ ಇಲ್ಲಿ ಆ ಪ್ರಶ್ನೆಗೆ ದನಿ ಬೇರೆ. ಕೇಳಿದವಳಿಗೂ ಹೆದರಿಕೆ, ಕೇಳಿಸಿಕೊಂಡವನಿಗೂ ಹೆದರಿಕೆ.

ಗಂಭೀರ ಕಾಯಿಲೆಯ ಮಕ್ಕಳ ಬಯಕೆಯನ್ನು ಕೇಳಿ ತಿಳಿದು ಈಡೇರಿಸುವುದು ಈಗ ಜಗತ್ತಿನಾದ್ಯಂತ ಸಂಸ್ಥೆಗಳು ನಡೆಸುವ ಕಾರ್ಯ. ಅದರ ಮೂಲ ಅಮೆರಿಕದ ಅರಿಜೋನಾ ಪ್ರಾಂತ್ಯದ ಫೀನಿಕ್ಸ್ ನಗರದಲ್ಲಿದೆ. ಅಲ್ಲಿ ಏಳು ವರ್ಷದ ಕ್ರಿಸ್ ಗ್ರೀಷಿಯಸ್ ಎಂಬ ಬಾಲಕ ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ. ಪೊಲೀಸ್ ಅಧಿಕಾರಿಯಾಗಬೇಕೆಂಬುದು ಅವನ ಹಂಬಲವಾಗಿತ್ತು. 1980ರ ಏಪ್ರಿಲ್ ಕೊನೆಯಲ್ಲಿ ಅರಿಜೋನಾದ ಪೊಲೀಸರು ಅವನನ್ನು ಹೆಲಿಕಾಪ್ಟರಿನಲ್ಲಿ ಕೂಡಿಸಿಕೊಂಡರು, ಅವನ ಅಳತೆಗೆ ಸಮವಸ್ತ್ರ ಹೊಲಿಸಿ ತೊಡಿಸಿದರು, ಪದವಿಯ ಬಿಲ್ಲೆ ಕೊಟ್ಟರು. ಮೇ 3ರಂದು ಅವನು ತೀರಿಕೊಂಡ. ಆ ವರ್ಷವೇ ಹುಟ್ಟಿದ ಸಂಸ್ಥೆ ಮೇಕ್-ಎ-ವಿಶ್. ಅದರ ಭಾರತದ ಶಾಖೆ 1996ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. 3ರಿಂದ 18 ವರ್ಷದ ಮಕ್ಕಳು ಅದರ ಕಕ್ಷೆಗೆ ಬರುತ್ತಾರೆ. ಬಯಕೆಗಳನ್ನು ಅವರು ವಿಂಗಡಿಸುವ ಬಗೆ ವ್ಯಾಕರಣದ ವಿದ್ಯಾರ್ಥಿಗೆ ಹಿಡಿಸೀತು: ಏನಾದರೊಂದು ಆಗುವುದು, ಪಡೆಯುವುದು, ಯಾರನ್ನಾದರೂ ಕಾಣುವುದು, ಎಲ್ಲಿಗಾದರೂ ಹೋಗುವುದು. ನಾಲ್ಕು ಕ್ರಿಯಾಪದಗಳಲ್ಲಿ ಮನುಷ್ಯನ ಆಸೆಯೆಲ್ಲ ಅಡಗಿದಂತಾಯಿತು.

ಕರ್ನಾಟಕದಲ್ಲಿ ಪತ್ರಿಕೆಗಳವರೆಗೆ ಬಂದ ಪ್ರಸಂಗಗಳು ಹೆಚ್ಚಾಗಿ ಮೊದಲನೆಯ ಕ್ರಿಯಾಪದದವು, ಅದರಲ್ಲಿಯೂ ಖಾಕಿಯವು. 2019ರ ಸೆಪ್ಟೆಂಬರಿನಲ್ಲಿ ಐವರು ಮಕ್ಕಳು ಬೆಂಗಳೂರಿನ ಪೊಲೀಸ್ ಆಯುಕ್ತರ ಕುರ್ಚಿಯಲ್ಲಿ ಕುಳಿತರು. 2022ರ ಜುಲೈನಲ್ಲಿ ಹದಿನಾಲ್ಕು ವರ್ಷದ ಇಬ್ಬರು ಹುಡುಗರು ಕೋರಮಂಗಲದಲ್ಲಿ ಒಂದು ದಿನದ ಡಿಸಿಪಿಗಳಾದರು. 2023ರ ಆಗಸ್ಟಿನಲ್ಲಿ ಶಿವಮೊಗ್ಗದ ದೊಡ್ಡಪೇಟೆ ಠಾಣೆಯಲ್ಲಿ ಹೃದ್ರೋಗದಿಂದ ನರಳುತ್ತಿದ್ದ ಎಂಟು ವರ್ಷದ ಬಾಲಕನೊಬ್ಬ ಒಂದು ಗಂಟೆಯ ಕಾಲ ಇನ್‌ಸ್ಪೆಕ್ಟರ್ ಆದ. ತಿಂಗಳುಗಟ್ಟಲೆ ಸೂಜಿಗೆ, ಗುಳಿಗೆಗೆ, ದೊಡ್ಡವರ ಅಪ್ಪಣೆಗೆ ಮೈಯೊಡ್ಡಿ ಮಲಗಿದ ಮಗು ಕೇಳುವುದು ಅಪ್ಪಣೆ ಕೊಡುವ ಕುರ್ಚಿಯನ್ನು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಇಂಥ ಸುದ್ದಿಗಳಿಗೆ ಕನ್ನಡ ಪತ್ರಿಕೆಗಳು ಸಲೀಸಾಗಿ ಕೊಡುವ ತಲೆಬರಹ ‘ಕೊನೆಯ ಆಸೆ’. ಈ ಪದವೇ ತಕರಾರಿಗೆ ಯೋಗ್ಯವಾದದ್ದು. ಕೊನೆಯ ಆಸೆಯೆಂಬುದು ಗಲ್ಲಿಗೇರುವವನನ್ನು ಜೈಲಿನ ಅಧಿಕಾರಿ ಕೇಳುವ ಮಾತು. ಅದರಲ್ಲಿ ತೀರ್ಪು ಆಗಿಹೋಗಿದೆ. ಆದರೆ ಈ ಸಂಸ್ಥೆಗಳು ಕೇಳುವುದು ಸಾಯುವ ಮಕ್ಕಳನ್ನಷ್ಟೇ ಅಲ್ಲ, ಜೀವಕ್ಕೆ ಅಪಾಯ ತರಬಲ್ಲ ಕಾಯಿಲೆಯುಳ್ಳ ಮಕ್ಕಳನ್ನು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗಲಿದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಭಾರತದಲ್ಲಿ ಆ ಪ್ರಮಾಣ ಕಡಿಮೆಯೆಂಬುದು ನಿಜವಾದರೂ ಬದುಕಿ ಬಂದು ಶಾಲೆಗೆ ಹೋಗುವವರು ಇದ್ದಾರೆ. ಅಂಥ ಹುಡುಗನೊಬ್ಬ ಮುಂದೆಂದೋ ತನ್ನ ಹೆಸರು, ತನ್ನ ರೋಗದ ಹೆಸರು, ತನ್ನ ‘ಕೊನೆಯ ಆಸೆ’ ಮೂರನ್ನೂ ಒಂದೇ ಅಂಕಣದಲ್ಲಿ ಓದಬೇಕಾಗಿ ಬರುತ್ತದೆ. ಬಯಕೆಯೆಂಬ ಮಾತಾದರೋ ಕೊನೆಯನ್ನು ಸೂಚಿಸುವುದಿಲ್ಲ. ಕನ್ನಡದ ಬಳಕೆಯಲ್ಲಿ ಅದು ಬರುವ ಜೀವದ ಕಡೆಗೆ ಮುಖ ಮಾಡಿದ ಮಾತು. ಅದಕ್ಕೆ ಹಿಂದಿನಿಂದಲೂ ಒಂದು ಕಥಾಪರಂಪರೆಯ ಬೆಂಬಲವಿದೆ, ಮತ್ತು ಆ ಕಥೆಗಳು ಇಂದಿನ ಕಾರ್ಯಕರ್ತರಿಗೆ ತಿಳಿದಿರಬೇಕಾದ ಸಂಗತಿಗಳನ್ನು ಹೇಳುತ್ತವೆ.

ಜೈನ ಆಗಮಗಳಲ್ಲಿ ಆರನೆಯ ಅಂಗವಾದ ಜ್ಞಾತೃಧರ್ಮಕಥೆಯ ಮೊದಲ ಅಧ್ಯಯನವನ್ನು ನೋಡಬಹುದು. ರಾಜಗೃಹದ ಅರಸ ಶ್ರೇಣಿಕನ ರಾಣಿ ಧಾರಿಣಿಗೆ ಮೂರನೆಯ ತಿಂಗಳಲ್ಲಿ ಅಕಾಲಮೇಘದ ದೋಹದ ಉಂಟಾಗುತ್ತದೆ. ಮಳೆಗಾಲವಲ್ಲದ ಕಾಲ; ಆದರೂ ಮೋಡ ಕವಿಯಬೇಕು, ಮಿಂಚಬೇಕು, ಹನಿ ಉದುರಬೇಕು, ಸೇಚನಕ ಗಜದ ಮೇಲೆ ಕುಳಿತು ವೈಭಾರಗಿರಿಯ ತಪ್ಪಲಿನಲ್ಲಿ ಹಸಿರಿನ ನಡುವೆ ವಿಹರಿಸಬೇಕು. ಯಾರಿಂದ ತಾನೇ ಆದೀತು? ಆದ್ದರಿಂದ ಅವಳು ಹೇಳುವುದೇ ಇಲ್ಲ. ಬಾಡುತ್ತಾಳೆ, ಬಿಳಿಚುತ್ತಾಳೆ, ಮೈ ಒಣಗುತ್ತದೆ. ದಾಸಿಯರು ಕೇಳುತ್ತಾರೆ, ಉತ್ತರವಿಲ್ಲ. ಎರಡನೆಯ ಸಲ, ಮೂರನೆಯ ಸಲ ಕೇಳುತ್ತಾರೆ, ಆಗಲೂ ಇಲ್ಲ. ಅರಸನೇ ಬಂದು ಕೇಳುತ್ತಾನೆ. ಅವನಿಗೂ ಅದೇ ಮೌನ. ಕೊನೆಗೆ ಅವನು ಆಣೆಯಿಟ್ಟು, ‘ನಿನ್ನ ಮನಸ್ಸಿನ ದುಃಖವನ್ನು ಕೇಳುವ ಅರ್ಹತೆ ನನಗಿಲ್ಲವೇ’ ಎಂಬರ್ಥದ ಮಾತನ್ನು ಆಡಿದ ಮೇಲೆ ಅವಳು ಬಾಯಿ ಬಿಡುತ್ತಾಳೆ. ಆಗಮದ ಶೈಲಿ ಪುನರುಕ್ತಿಯದು. ಆತುರದ ಓದುಗರು ಇದನ್ನು ಸೂತ್ರಬದ್ಧ ಅನುವೃತ್ತಿಯೆಂದು ದಾಟಿಬಿಡುತ್ತಾರೆ. ಆದರೆ ಇಲ್ಲಿ ಪುನರುಕ್ತಿಯೇ ಅರ್ಥ. ಮೊದಲ ಸಲ ಕೇಳಿದಾಗ ಬರುವುದು ಬಯಕೆಯಲ್ಲ. ಮೊದಲ ಸಲಕ್ಕೆ ಬರುವುದು ಮೌನ, ಅಥವಾ ಕೇಳಿದವರನ್ನು ಸಮಾಧಾನಪಡಿಸುವ ಒಂದು ಉತ್ತರ.

ಧಾರಿಣಿ ಏಕೆ ಹೇಳಲಿಲ್ಲವೋ ಆಸ್ಪತ್ರೆಯ ಮಗುವೂ ಅದೇ ಕಾರಣಕ್ಕೆ ಹೇಳುವುದಿಲ್ಲ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಪುಟ್ಟ ಮಕ್ಕಳ ನಡುವೆ ಇದ್ದು ನಡೆಸಿದ ಅಧ್ಯಯನ 1978ರಲ್ಲಿ ಪುಸ್ತಕವಾಗಿ ಬಂತು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಸ್ಥಿತಿ ತಿಳಿದಿತ್ತು. ತಮಗೆ ತಿಳಿದಿದೆಯೆಂಬುದನ್ನು ಅವರು ತಂದೆತಾಯಿಗಳಿಂದ ಮುಚ್ಚಿಟ್ಟಿದ್ದರು. ದೊಡ್ಡವರು ಮಗುವಿಗೆ ತಿಳಿಯಬಾರದೆಂದು ನಟಿಸುತ್ತಾರೆ, ಮಗು ದೊಡ್ಡವರು ನೋಯಬಾರದೆಂದು ನಟಿಸುತ್ತದೆ. ಧಾರವಾಡದ ಓದುಗರಿಗೆ ಇದನ್ನು ಅರಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ. ಹಲವು ಮಕ್ಕಳನ್ನು ಕಳೆದುಕೊಂಡ ಸಾಧನಕೇರಿಯ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆಯ ಹೆಸರಿನಲ್ಲಿಯೇ ಆ ಸಂಕಟವೆಲ್ಲ ಇದೆ. ಮಗುವಿನ ಮಂಚದ ಎರಡು ಬದಿಗೆ ನಿಂತ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಲಾರರು. ಹಾಗೆ ಕಣ್ಣು ತಪ್ಪಿಸಿದ ಮನೆಯಲ್ಲಿ ಮಗು ತನ್ನ ಬಯಕೆಯನ್ನು ಯಾರ ಮುಂದೆ ಇಟ್ಟೀತು? ಸ್ವಯಂಸೇವಕರೊಬ್ಬರು ಬಂದು ಮಗುವಿನೊಡನೆಯೇ ಮಾತನಾಡಬೇಕೆಂಬ ಪದ್ಧತಿಯ ಬೆಲೆ ಇರುವುದು ಇಲ್ಲಿ. ಅವರು ಅಳುವ ಹಕ್ಕಿಲ್ಲದ ಹೊರಗಿನವರು. ಅವರನ್ನು ಕಾಪಾಡುವ ಹೊಣೆ ಮಗುವಿನ ಮೇಲಿಲ್ಲ.

ಕೇಳಿ ತಿಳಿದ ಮೇಲೆ ಮಾಡುವುದೊಂದು ಉಳಿಯುತ್ತದೆ. ಇದಕ್ಕೆ ಹೇಮಚಂದ್ರಾಚಾರ್ಯನು 12ನೆಯ ಶತಮಾನದಲ್ಲಿ ರಚಿಸಿದ ಪರಿಶಿಷ್ಟಪರ್ವದ ಕಥೆಯನ್ನು ಮೀರಿದ ಉದಾಹರಣೆ ದುರ್ಲಭ. ನವಿಲು ಸಾಕುವವರ ಹಳ್ಳಿಯೊಂದರಲ್ಲಿ ಮುಖ್ಯಸ್ಥನ ಬಸುರಿ ಮಗಳಿಗೆ ಚಂದ್ರನನ್ನು ಕುಡಿಯಬೇಕೆಂಬ ಬಯಕೆಯಾಗುತ್ತದೆ. ಅಲೆಯುತ್ತ ಬಂದ ಚಾಣಕ್ಯ ಹುಲ್ಲಿನ ಮಂಟಪವೊಂದನ್ನು ಕಟ್ಟಿಸಿ, ಮಾಡಿಗೆ ಒಂದು ತೂತು ಬಿಡಿಸುತ್ತಾನೆ. ಹುಣ್ಣಿಮೆಯ ನಡುರಾತ್ರಿ ಚಂದ್ರನ ಬಿಂಬ ನೇರವಾಗಿ ಬೀಳುವಂತೆ ಕೆಳಗೆ ಹಾಲಿನ ಪಾತ್ರೆ. ಅವಳು ಕುಡಿಯುತ್ತ ಹೋದಂತೆ, ಮಾಡಿನ ಮೇಲೆ ಅಡಗಿ ಕುಳಿತ ಒಬ್ಬ ಮನುಷ್ಯ ತೂತನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬರುತ್ತಾನೆ. ಹಾಲು ಮುಗಿಯುತ್ತದೆ, ಚಂದ್ರನೂ ಮುಗಿಯುತ್ತಾನೆ. ಹುಟ್ಟಿದ ಮಗುವಿಗೆ ಚಂದ್ರಗುಪ್ತನೆಂದು ಹೆಸರಿಡುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರಿಗೆ ಆ ಹೆಸರಿನ ಪರಿಚಯ ಬೇಡ.

ಈ ಕಥೆಯಲ್ಲಿ ಮೆಚ್ಚಬೇಕಾದದ್ದು ಚಾಣಕ್ಯನ ಬುದ್ಧಿಗಿಂತ ಮಾಡಿನ ಮೇಲಿನ ಆ ಹೆಸರಿಲ್ಲದ ಮನುಷ್ಯನ ಕೈ. ತೂತನ್ನು ಒಮ್ಮೆಗೇ ಮುಚ್ಚಿದ್ದರೆ ಬಯಕೆ ಕೆಡುತ್ತಿತ್ತು, ತಡಮಾಡಿದ್ದರೆ ಹಾಲು ತೀರಿದರೂ ಚಂದ್ರ ಉಳಿದುಬಿಡುತ್ತಿದ್ದ. ಫೀನಿಕ್ಸಿನ ಬಾಲಕನ ಅಳತೆಗೆ ಸಮವಸ್ತ್ರ ಹೊಲಿದ ಕೈಗಳೂ ಇಂಥವೇ. ದೊಡ್ಡವರ ಅಂಗಿಯನ್ನು ತೋಳು ಮಡಿಸಿ ತೊಡಿಸಿದ್ದರೆ ಅದು ವೇಷವಾಗುತ್ತಿತ್ತು. ಶಿವಮೊಗ್ಗದ ಠಾಣೆಯಲ್ಲಿ ಸೆಲ್ಯೂಟ್ ಹೊಡೆದ ಪೇದೆಯ ಮುಖದಲ್ಲಿ ಎಳೆಯಷ್ಟು ಹಾಸ್ಯ ಮೂಡಿದ್ದರೂ ಎಂಟು ವರ್ಷದ ಕಣ್ಣು ಅದನ್ನು ಹಿಡಿದುಬಿಡುತ್ತದೆ.

ಆದರೆ ಅದೇ ಕಥೆಯಲ್ಲಿ ಒಂದು ಮುಳ್ಳೂ ಇದೆ. ಚಾಣಕ್ಯ ಪುಕ್ಕಟೆಯಾಗಿ ಏನನ್ನೂ ಮಾಡಲಿಲ್ಲ. ಹುಟ್ಟುವ ಮಗುವನ್ನು ತನಗೆ ಕೊಡಬೇಕೆಂದು ಮೊದಲೇ ಮಾತು ತೆಗೆದುಕೊಂಡಿದ್ದ. ನಂದರ ಮೇಲಣ ಅವನ ಹಗೆಗೆ ಒಬ್ಬ ಅರಸ ಬೇಕಿತ್ತು. ಬಸುರಿಯ ಪ್ರಾಣ ಹೋದೀತೆಂಬ ಹೆದರಿಕೆಯಲ್ಲಿದ್ದ ತಂದೆತಾಯಿ ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಇಂದು ಬಯಕೆ ಈಡೇರಿಸುವ ಕಡೆಗಳಲ್ಲಿ ಕೇಳುವ ಬೆಲೆ ಛಾಯಾಚಿತ್ರ. ಕೂದಲು ಉದುರಿದ ತಲೆ, ಅದರ ಮೇಲೆ ಟೋಪಿ, ಪಕ್ಕದಲ್ಲಿ ನಗುವ ಗಣ್ಯರು, ಹಿಂದೆ ದಾನಿಗಳ ಹೆಸರಿನ ಬ್ಯಾನರು. ತಂದೆತಾಯಿ ಸಹಿ ಹಾಕುತ್ತಾರೆ, ನವಿಲು ಸಾಕುವವರು ಒಪ್ಪಿದ ಹಾಗೆಯೇ. ಚಿತ್ರವಿಲ್ಲದೆ ದೇಣಿಗೆ ಬರುವುದಿಲ್ಲವೆಂಬ ಸಂಘಟಕರ ಕಷ್ಟ ಸುಳ್ಳಲ್ಲ. ಒಂದು ಮಗುವಿನ ಚಿತ್ರದಿಂದ ಮತ್ತೊಂದು ಮಗುವಿನ ಬಯಕೆ ಈಡೇರುವುದೂ ನಿಜ. ಆದರೂ ಸಹಿ ಹಾಕಿದವರು ಯಾವ ಹೊತ್ತಿನಲ್ಲಿ ಹಾಕಿದರೆಂಬುದನ್ನು ನೆನೆದರೆ ಆ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸುವುದು ಕಷ್ಟ.

ಇನ್ನು, ಇದೆಲ್ಲ ಬರಿಯ ಆಟವಲ್ಲವೇ ಎಂಬ ಪ್ರಶ್ನೆ. ಒಂದು ಗಂಟೆಯ ಇನ್‌ಸ್ಪೆಕ್ಟರ್ ಇನ್‌ಸ್ಪೆಕ್ಟರ್ ಅಲ್ಲ, ಪಾತ್ರೆಯ ಚಂದ್ರ ಚಂದ್ರನಲ್ಲ. ಹುಸಿಯಾದದ್ದನ್ನು ಕೊಟ್ಟು ರೋಗದ ಮಗುವನ್ನು ನಂಬಿಸುವುದು ಸರಿಯೇ? ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಜನ್ನನ ನೆನಪಾಗದೆ ಇರದು. 1209ರ ಯಶೋಧರ ಚರಿತೆಯಲ್ಲಿ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಬಲಿಕೊಡುತ್ತಾನೆ. ಕಡಿದದ್ದು ಹಿಟ್ಟನ್ನು, ಆದರೆ ಕಡಿಯುವಾಗ ಸಂಕಲ್ಪ ಕೊಲ್ಲುವುದಾಗಿತ್ತು. ಅದರ ಫಲವಾಗಿ ತಾಯಿಮಕ್ಕಳು ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಮತ್ತೆ ಕೈಗೆತ್ತಿಕೊಂಡದ್ದು ಇದೇ ತೊಡಕನ್ನು. ಈ ಕಥೆಯನ್ನು ಹಿಂಸೆಯ ಪಾಠವಾಗಿಯೇ ಓದುವ ರೂಢಿ. ಅದರ ತರ್ಕ ಮಾತ್ರ ಎರಡೂ ಕಡೆಗೆ ನಡೆಯುವಂಥದು. ಹುಸಿ ವಸ್ತುವಿನ ಮೇಲೆ ನಿಜವಾದ ಸಂಕಲ್ಪದಿಂದ ಮಾಡಿದ ಕೊಲೆ ಕೊಲೆಯೇ ಆಗುವುದಾದರೆ, ಹುಸಿ ಪದವಿಗೆ ನಿಜವಾದ ಭಾವದಿಂದ ಸಲ್ಲಿಸಿದ ಗೌರವವೂ ಗೌರವವೇ ಆಗಬೇಕಲ್ಲವೇ? ಭಾವವು ಪಾಪದ ಲೆಕ್ಕದಲ್ಲಿ ಮಾತ್ರ ನಿಜವಾಗಿ, ಕರುಣೆಯ ಲೆಕ್ಕದಲ್ಲಿ ಹುಸಿಯಾಗಲಾರದು.

ಯಶೋಧರ ಚರಿತೆಯ ಚೌಕಟ್ಟಿನ ಕಥೆಯನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಇಡೀ ಕಾವ್ಯ ಹೊರಡುವುದು ಸಾವಿನೆದುರು ನಿಂತ ಇಬ್ಬರು ಎಳೆಯರಿಂದ. ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ಬಲಿಗೆಂದು ಮಾರಿದತ್ತನ ಮುಂದೆ ತಂದು ನಿಲ್ಲಿಸುತ್ತಾರೆ. ಅವರ ಧೈರ್ಯ ಕಂಡು ಬೆರಗಾದ ಅರಸ ನೀವು ಯಾರೆಂದು ಕೇಳುತ್ತಾನೆ. ಕತ್ತಿ ತಡೆದದ್ದು ಆ ಒಂದು ಪ್ರಶ್ನೆಯಿಂದ. ಕೇಳದೆ ಇದ್ದಿದ್ದರೆ ಕನ್ನಡಕ್ಕೆ ಆ ಕಾವ್ಯವೇ ಇರುತ್ತಿರಲಿಲ್ಲ ಎಂದು ತುಸು ಉತ್ಪ್ರೇಕ್ಷೆಯಿಂದ ಹೇಳಬಹುದು.

ಹುಬ್ಬಳ್ಳಿಯ ವಾರ್ಡಿಗೆ ಮರಳಿದರೆ ಒಂದು ಕಟುವಾದ ಆಕ್ಷೇಪ ಕಾದಿರುತ್ತದೆ. ಔಷಧಿಗೇ ಹೊಲ ಅಡವಿಟ್ಟವರ ಮುಂದೆ ಬಯಕೆಯ ಮಾತೆತ್ತುವುದು ಸಿರಿವಂತರ ಹವ್ಯಾಸವಲ್ಲವೇ? 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ತಿಂಗಳುಗಟ್ಟಲೆ ಕೂಲಿ ಬಿಟ್ಟು ಕುಳಿತ ತಂದೆಯ ನಷ್ಟಕ್ಕೆ, ಊರಿನಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಹೊಟ್ಟೆಗೆ ಅದು ಉತ್ತರವಲ್ಲ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಬಯಕೆಯನ್ನು ಔಷಧಿಗೆ ಎದುರಾಗಿ ನಿಲ್ಲಿಸುವುದು ಸರಿಯಲ್ಲ. ಒಹಾಯೊದ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು ಬಯಕೆ ಈಡೇರಿದ ಮಕ್ಕಳನ್ನೂ ಈಡೇರದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಮೊದಲಿನವರಲ್ಲಿ ಅನಿರೀಕ್ಷಿತವಾಗಿ ಆಸ್ಪತ್ರೆ ಸೇರುವ ಪ್ರಸಂಗಗಳು ಕಡಿಮೆಯೆಂದು ಕಂಡುಬಂತು. ಕಾರಣವಿದೇ ಎಂದು ಸಾಧಿಸುವುದಕ್ಕೆ ಅಂಥ ಹೋಲಿಕೆ ಸಾಲದು. ಸುಶ್ರುತನ ಮಾತನ್ನು ತಳ್ಳಿಹಾಕುವ ಮುನ್ನ ಯೋಚಿಸುವುದಕ್ಕೆ ಸಾಕು.

ಅಲ್ಲದೆ ಬಯಕೆಯೆಂದೊಡನೆ ವಿಮಾನ, ಚಿತ್ರತಾರೆ, ಡಿಸ್ನಿಲ್ಯಾಂಡ್ ಎಂದು ಭಾವಿಸುವುದು ದೊಡ್ಡವರ ಬಡತನ. ನವಲಗುಂದದ ಕಡೆಯ ಎರಿಹೊಲದ ಹಳ್ಳಿಯಿಂದ ಬಂದ ಮಗುವನ್ನು ಮೂರನೆಯ ಸಲ ಕೇಳಿದಾಗ ಬರುವ ಉತ್ತರ ಏನಿದ್ದೀತು? ಕಿಟಕಿಯ ಕೆಳಗೆ ಬಾಗಿಲು ತಾನೇ ತೆರೆದು ಮುಚ್ಚುವ ಚಿಗರಿ ಬಸ್ಸಿನಲ್ಲಿ ಧಾರವಾಡದವರೆಗೆ ಒಂದು ಸಲ ಕುಳಿತು ಹೋಗಬೇಕೆಂದಿದ್ದೀತು. ಜಗತ್ತಿನಲ್ಲಿಯೇ ಉದ್ದವಾದ, 1507 ಮೀಟರಿನ ಹುಬ್ಬಳ್ಳಿಯ ರೈಲು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಅಪ್ಪನ ಹೆಗಲ ಮೇಲೆ ಕುಳಿತು ಸಾಗಬೇಕೆಂದಿದ್ದೀತು. ತಾನು ಬಂದ ಮೇಲೆ ಈದ ಎಮ್ಮೆಯ ಕರುವನ್ನು ಮುಟ್ಟಬೇಕೆಂದಿದ್ದೀತು. ಅಥವಾ, ಎಲ್ಲಕ್ಕಿಂತ ಕಷ್ಟದ್ದು: ಒಂದು ದಿನ ಯಾರೂ ತನ್ನ ಮುಂದೆ ಅಳಬಾರದು. ಇವು ಯಾವುವಕ್ಕೂ ದಾನಿಗಳ ಬ್ಯಾನರು ಬೇಡ. ವೈದ್ಯರ ಅನುಮತಿಯ ಒಂದು ಚೀಟಿ, ದಾದಿಯೊಬ್ಬಳ ಬಿಡುವಿನ ಎರಡು ಗಂಟೆ, ಮತ್ತು ಉತ್ತರ ಕೇಳಿ ಬೇಸರಪಡದ ಒಬ್ಬ ಮನುಷ್ಯ ಬೇಕು. ‘ಅಷ್ಟೇನಾ? ದೊಡ್ಡದೇನಾರ ಕೇಳೋ’ ಎಂದು ಮಗುವಿನ ಬಯಕೆಯನ್ನು ತಿದ್ದುವ ಉದಾರಿಗಳಿಂದ ಮಗುವನ್ನು ಕಾಯುವುದೂ ಆ ಕೆಲಸದ ಭಾಗವೇ.

ಧಾರಿಣಿಯ ಕಥೆ ಮುಗಿಯುವ ಬಗೆ ಸಾಮಾನ್ಯವಾಗಿ ಓದುಗರ ಗಮನಕ್ಕೆ ಬರುವುದಿಲ್ಲ. ಶ್ರೇಣಿಕನಿಗೆ ಉಪಾಯ ಹೊಳೆಯದೆ ಮಗ ಅಭಯಕುಮಾರ ಮುಂದೆ ಬರುತ್ತಾನೆ. ಧಾರಿಣಿ ಅವನ ಹೆತ್ತ ತಾಯಿಯಲ್ಲ, ಚಿಕ್ಕತಾಯಿ. ಅವನು ಮೂರು ದಿನದ ಉಪವಾಸದಿಂದ ಪೌಷಧಶಾಲೆಯಲ್ಲಿ ಕುಳಿತು ಪೂರ್ವಜನ್ಮದ ಗೆಳೆಯನಾದ ದೇವನನ್ನು ನೆನೆಯುತ್ತಾನೆ. ಮೋಡ ಕವಿಯುತ್ತದೆ, ಮಳೆ ಬರುತ್ತದೆ, ರಾಣಿ ಆನೆಯ ಮೇಲೆ ಕುಳಿತು ತಪ್ಪಲಿನಲ್ಲಿ ವಿಹರಿಸುತ್ತಾಳೆ, ಶ್ರೇಣಿಕ ಹಿಂದೆ ಹಿಂದೆ ಬರುತ್ತಾನೆ. ಅನಂತರ ಅಭಯಕುಮಾರ ದೇವನನ್ನು ಸತ್ಕರಿಸಿ ಕಳುಹಿಸುತ್ತಾನೆ. ದೇವ ತಾನು ತಂದ ಮೋಡಗಳನ್ನು ಹಿಂದಕ್ಕೆ ಸೆಳೆದುಕೊಂಡು ಹೊರಡುತ್ತಾನೆ. ಆಗಸ ಮೊದಲಿನಂತೆ ಬಿಳಿದಾಗುತ್ತದೆ. ಧಾರಿಣಿ ಅರಮನೆಗೆ ಬಂದು ಎಚ್ಚರದಿಂದ ಏಳುತ್ತಾಳೆ, ಎಚ್ಚರದಿಂದ ಮಲಗುತ್ತಾಳೆ, ಬಹಳ ಖಾರವಲ್ಲದ, ಬಹಳ ಕಹಿಯಲ್ಲದ ಪಥ್ಯವನ್ನು ಹೊತ್ತುಹೊತ್ತಿಗೆ ಉಣ್ಣುತ್ತಾಳೆ. ದಿನ ತುಂಬಿ ಹುಟ್ಟಿದ ಮಗುವಿಗೆ ಮೇಘಕುಮಾರನೆಂದು ಹೆಸರಾಗುತ್ತದೆ.